ಪದ ಪರಿಚಯ: ಎಂಜಿನ್ ಸ್ವಾಪ್

ಸ್ವಾಪ್ ಅಂದರೆ ಅದಲು ಬದಲು. ಆದರೆ ಕಾರಿನ ಮಂದಿ 'ಎಂಜಿನ್ ಸ್ವಾಪ್' ಅನ್ನುವುದು ಕೆಟ್ಟ ಎಂಜಿನ್ ಇಳಿಸಿ ಅಂಥದ್ದೇ ಇನ್ನೊಂದನ್ನು ಕೂರಿಸುವುದಕ್ಕಲ್ಲ. ಕಂಪನಿಯವರು ಆ ಕಾರಿಗೆ ಕೊಡದೇ ಇದ್ದ ಬೇರೆ ಎಂಜಿನ್ ತಂದು ಕೂರಿಸುವುದಕ್ಕೆ. ನಮ್ಮ ಕಡೆಗೂ ಇದು ಹೊಸ ವಿಷಯವಲ್ಲ. ಪೆಟ್ರೋಲ್ ಅಂಬಾಸಿಡರ್‌ಗೋ ಹಳೇ ಜೀಪಿಗೋ ಡೀಸೆಲ್ ಎಂಜಿನ್ ಹಾಕಿಸಿದವರನ್ನು ನೀವೂ ನೋಡಿರಬಹುದು. ಅವರಿಗೆ ಬೇಕಿದ್ದದ್ದು ಮೈಲೇಜ್. ಟರ್ಬೋ ಅಂದರೆ ಎಂಜಿನ್ ಒಳಗೆ ಹೆಚ್ಚು ಗಾಳಿ ತಳ್ಳುವ ಪುಟ್ಟ ಫ್ಯಾನು. ಅದಿರುವ ಕಾರಿನ ಹಂಬಲದವರಿಗೆ ಬೇಕಿರುವುದು ಪವರ್. ಅದನ್ನು ಕಡಿಮೆ ದುಡ್ಡಿನಲ್ಲಿ ಪಡೆಯಲು ಹೊರಟರೆ ಅದು 'ಬಜೆಟ್ ಸ್ವಾಪ್'.

ಇದಕ್ಕೆ ನಿಸ್ಸಾನ್ 240ಎಸ್‌ಎಕ್ಸ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 1989ರಿಂದ 1998ರವರೆಗಿನ ಮಾಡೆಲ್‌ಗಳಾಗಿ ಅಮೆರಿಕದಲ್ಲಿ ಮಾರಿದ ಕಾರು. ಹಗುರ ಮೈ, ಹಿಂದಿನ ಚಕ್ರಕ್ಕೆ ಪವರ್, ಓಡಿಸಲು ಖುಷಿ. ಎಂಜಿನ್ ಮಾತ್ರ 2.4 ಲೀಟರಿನ ಕೆಎ24. ಟರ್ಬೋ ಇಲ್ಲ. ಮೊದಲು 140 ಹಾರ್ಸ್‌ಪವರ್, 1991ರ ಮೇಲೆ 155. ಜಪಾನಿನಲ್ಲಿ ಇದೇ ಕಾರಿನ ಅಣ್ಣತಮ್ಮಂದಿರು ಸಿಲ್ವಿಯಾ, 180ಎಸ್‌ಎಕ್ಸ್ ಅನ್ನುವ ಹೆಸರಿನಲ್ಲಿದ್ದರು. ಅವಕ್ಕೆ 1991ರಿಂದ ಎಸ್‌ಆರ್20ಡಿಇಟಿ ಎಂಜಿನ್ ಬಂತು. ಆ ಹೆಸರನ್ನು ಬಿಡಿಸಿ ಓದಿ: ಎಸ್‌ಆರ್ ಅನ್ನುವುದು ಎಂಜಿನ್ ಮನೆತನ, 20 ಅಂದರೆ 2.0 ಲೀಟರ್, ಡಿ ಅಂದರೆ ಎರಡು ಕ್ಯಾಮ್‌ಶಾಫ್ಟ್ (ವಾಲ್ವ್ ತೆರೆಯುವ ಶಾಫ್ಟ್), ಇ ಅಂದರೆ ಫ್ಯುಯೆಲ್ ಇಂಜೆಕ್ಷನ್, ಟಿ ಅಂದರೆ ಟರ್ಬೋ. ಸೈಜಿನಲ್ಲಿ ಕೆಎಗಿಂತ ಚಿಕ್ಕದು, ಬ್ಲಾಕ್ ಅಲ್ಯುಮಿನಿಯಂ, ಆದರೂ 205 ಹಾರ್ಸ್‌ಪವರ್. ಮುಂದಿನ ಮಾಡೆಲ್‌ಗಳಲ್ಲಿ ಅದು 220, ಆಮೇಲೆ 250 ಆಯಿತು.

ಅಮೆರಿಕದವರಿಗೆ ಸಿಗದ ಎಂಜಿನ್ ಅಗ್ಗಕ್ಕೆ ಹೇಗೆ ಸಿಕ್ಕಿತು? ಜಪಾನಿನಲ್ಲಿ 'ಶಾಕೆನ್' ಅಂತ ಕಡ್ಡಾಯ ತಪಾಸಣೆ ಇದೆ. ಹೊಸ ಕಾರಿಗೆ 3 ವರ್ಷಕ್ಕೆ, ಆಮೇಲೆ 2 ವರ್ಷಕ್ಕೊಮ್ಮೆ. ಖರ್ಚು ಜಾಸ್ತಿ. ಹಾಗಾಗಿ ಎಷ್ಟೋ ಜನ ಇನ್ನೂ ಗಟ್ಟಿಯಾಗಿರುವ ಕಾರನ್ನೇ ಬಿಟ್ಟುಬಿಡುತ್ತಾರೆ. ಅವುಗಳ ಎಂಜಿನ್‌ಗಳು ಹಡಗು ಹತ್ತಿ ಹೊರದೇಶಕ್ಕೆ ಹೋದವು. ಹೆಚ್ಚು ಓಡದ ಟರ್ಬೋ ಎಂಜಿನ್, ಗೇರ್‌ಬಾಕ್ಸ್ ಸಮೇತ, ಗುಜರಿ ಲೆಕ್ಕದಲ್ಲಿ!

ಇಲ್ಲಿ ಇನ್ನೊಂದು ಪದ ತಿಳಿದಿರಲಿ: 'ಫ್ರಂಟ್ ಕ್ಲಿಪ್'. ಕಾರಿನ ಮುಂಭಾಗವನ್ನೇ ಕತ್ತರಿಸಿ, ಎಂಜಿನ್, ಗೇರ್‌ಬಾಕ್ಸ್, ವೈರಿಂಗ್, ಎಂಜಿನ್ ನಡೆಸುವ ಕಂಪ್ಯೂಟರ್, ಟರ್ಬೋದ ಬಿಸಿ ಗಾಳಿ ತಣಿಸುವ ಇಂಟರ್‌ಕೂಲರ್ ಎಲ್ಲ ಇದ್ದ ಹಾಗೇ ಮಾರುವುದು. ಬರೀ ಎಂಜಿನ್‌ಗಿಂತ ಇದಕ್ಕೆ ರೇಟು ಜಾಸ್ತಿ. ಆದರೂ ನನ್ನ ಮಟ್ಟಿಗೆ ಕಡಿಮೆ ದುಡ್ಡಿನವರು ಕೊಳ್ಳಬೇಕಾದ್ದು ಇದನ್ನೇ. ಬರೀ ಎಂಜಿನ್ ತಂದವರು ಒಂದು ಸೆನ್ಸರ್‌ಗೆ, ಒಂದು ಬ್ರಾಕೆಟ್‌ಗೆ, ಒಂದು ಪೈಪಿಗೆ ಅಂತ ತಿಂಗಳುಗಟ್ಟಲೆ ಅಲೆಯುತ್ತಾರೆ. ದುಡ್ಡು ಸೋರುವುದೇ ಅಲ್ಲಿ. 'ಬಜೆಟ್' ಅನ್ನುವ ಪದದ ನಿಜವಾದ ಅರ್ಥವೂ ಇಲ್ಲೇ ಇದೆ. ಎಂಜಿನ್ ಎಷ್ಟು ಅಗ್ಗಕ್ಕೆ ಬಂತು ಅಂತ ಕೇಳಬೇಡಿ. ಅದನ್ನು ಓಡಿಸಲು ಇನ್ನೂ ಏನೇನು ಹುಡುಕಬೇಕು ಅಂತ ಕೇಳಿ.

240ಎಸ್‌ಎಕ್ಸ್‌ನಲ್ಲಿ ಆ ಪಟ್ಟಿ ಚಿಕ್ಕದು. ಒಂದೇ ಮನೆಯ ಕಾರುಗಳಲ್ವಾ, ಎಂಜಿನ್ ಹಿಡಿದು ಕೂರಿಸುವ ಸಿಲ್ವಿಯಾದ ಮೌಂಟ್ ಬ್ರಾಕೆಟ್‌ಗಳು ಸೀದಾ ಬೋಲ್ಟ್ ಆಗುತ್ತವೆ. ವೆಲ್ಡಿಂಗ್ ಬೇಡ. ತಲೆನೋವು ವೈರಿಂಗ್‌ನದ್ದು. ಜಪಾನಿನ ಕಾರಿಗೆ ನಮ್ಮ ಹಾಗೆ ಬಲಗಡೆ ಸ್ಟೀರಿಂಗ್, ಅಮೆರಿಕದ್ದಕ್ಕೆ ಎಡಗಡೆ. ವೈರುಗಳು ಡ್ಯಾಶ್‌ಬೋರ್ಡ್ ಕೆಳಗೆ ಹೋಗುವ ದಾರಿಯೇ ಬೇರೆ. ಹಾಗಾಗಿ ಎರಡೂ ಕಾರಿನ ವೈರಿಂಗ್ ಚಾರ್ಟ್ ಇಟ್ಟುಕೊಂಡು, ಒಂದೊಂದೇ ವೈರ್ ಉದ್ದ ಮಾಡಿ, ಬೆಸುಗೆ ಹಾಕಿ ಸೇರಿಸಬೇಕು.

ಅಮೆರಿಕದಲ್ಲಿದ್ದಾಗ ಗೆಳೆಯನೊಬ್ಬ ಇದೇ ಕೆಲಸಕ್ಕೆ ಕೈ ಹಾಕಿದ್ದ. ಶನಿವಾರ ಭಾನುವಾರ ನಾನೂ ಸ್ಪ್ಯಾನರ್ ಹಿಡಿಯುತ್ತಿದ್ದೆ. ಎಂಜಿನ್ ಬಂದ ದಿನ ಅವನು ಮೊದಲು ಮಾಡಿದ ಕೆಲಸ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಟರ್ಬೋದ ರಬ್ಬರ್ ಪೈಪ್ ಕಿತ್ತ. ಒಳಗಿನ ಪುಟ್ಟ ಫ್ಯಾನಿನ ಮೂತಿಯನ್ನು ಎರಡು ಬೆರಳಲ್ಲಿ ಹಿಡಿದ. ಅಕ್ಕಪಕ್ಕ ಅಲುಗಾಡಿಸಿದ, ಒಂದು ಚೂರು ಆಟ ಇತ್ತು. ಅಷ್ಟು ಇದ್ದೇ ಇರುತ್ತದೆ. ಆಮೇಲೆ ಹಿಂದೆ ಮುಂದೆ ಎಳೆದ. ಅಲುಗಲಿಲ್ಲ. ರೆಕ್ಕೆಗಳು ಗೋಡೆಗೆ ಉಜ್ಜಿದ ಗುರುತೂ ಇರಲಿಲ್ಲ. ಹಿಂದೆ ಮುಂದೆ ಆಡಿದ್ದರೆ ಆ ಟರ್ಬೋದ ಬೇರಿಂಗ್ ಸವೆದಿದೆ ಅಂತಲೇ ಅರ್ಥ. ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುವ ಶಾಫ್ಟ್ ಅದು, ತೆಳುವಾದ ಆಯಿಲ್ ಪದರದ ಮೇಲೆ ತೇಲುತ್ತಾ ಇರುತ್ತದೆ. ಮುಂದಿನ ಕೆಲಸ ಕಂಪ್ರೆಷನ್ ಟೆಸ್ಟ್, ಅಂದರೆ ಪ್ರತಿ ಸಿಲಿಂಡರ್ ಎಷ್ಟು ಒತ್ತಡ ಹಿಡಿಯುತ್ತದೆ ಅಂತ ಅಳೆಯುವುದು. ನಾಲ್ಕೂ ಸಿಲಿಂಡರ್‌ಗೆ ಗೇಜ್ ಹಾಕಿದೆವು. ನಾಲ್ಕೂ ಹೆಚ್ಚುಕಮ್ಮಿ ಒಂದೇ ಬಂತು. ನಿರಾಳವಾಯಿತು.

ತಪ್ಪಾದದ್ದು ಬೇರೆ ಕಡೆ. ಎಂಜಿನ್ ಹಿಂಬದಿಯಲ್ಲಿ ಕ್ರ್ಯಾಂಕ್‌ಶಾಫ್ಟ್ ಹೊರಬರುವ ಕಡೆ ಒಂದು ಆಯಿಲ್ ಸೀಲ್ ಇರುತ್ತದೆ. ನೋಡಲು ಚೆನ್ನಾಗೇ ಇತ್ತು, ಬಿಟ್ಟೆವು. ಕಾರು ಓಡಿದ ಎರಡನೇ ವಾರಕ್ಕೆ ನೆಲದ ಮೇಲೆ ಆಯಿಲ್ ತೊಟ್ಟು. ಅಷ್ಟು ಸಣ್ಣ ಸೀಲಿಗಾಗಿ ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಯಿತು. ಕ್ಲಚ್ ಪ್ಲೇಟಿಗೂ ಆಯಿಲ್ ತಾಗಿ ಅದೂ ಹೋಯಿತು. ಎಂಜಿನ್ ಕೆಳಗಿರುವಾಗಲೇ ಸೀಲ್, ಗ್ಯಾಸ್ಕೆಟ್, ವಾಟರ್ ಪಂಪ್, ಕ್ಲಚ್ ಹೊಸದು ಹಾಕಿಬಿಡಿ ಅಂತ ನಾನು ಈಗ ಎಲ್ಲರಿಗೂ ಕೈಮುಗಿದು ಹೇಳುತ್ತೇನೆ. ಬಜೆಟ್ಟಿನಲ್ಲಿ ಮೊದಲ ಪಾಲು ಇವಕ್ಕೇ ಇರಲಿ. ಹೊಳೆಯುವ ದೊಡ್ಡ ಟರ್ಬೋ ಆಮೇಲೆ.

ಬೂಸ್ಟ್ ಬಗ್ಗೆಯೂ ಒಂದು ಮಾತು. ಟರ್ಬೋ ಎಂಜಿನ್ ಒಳಗೆ ತಳ್ಳುವ ಗಾಳಿಯ ಒತ್ತಡಕ್ಕೆ ಬೂಸ್ಟ್ ಅಂತಾರೆ. ಮೊದಲ ಎಸ್‌ಆರ್20ಡಿಇಟಿಯಲ್ಲಿ ಇದು ಸುಮಾರು 7 ಪಿಎಸ್‌ಐ (ಚದರ ಇಂಚಿಗೆ 7 ಪೌಂಡ್). ಗಾಳಿ ಹೆಚ್ಚಿಸಿದರೆ ಪೆಟ್ರೋಲೂ ಅದಕ್ಕೆ ತಕ್ಕಂತೆ ಹೆಚ್ಚಬೇಕು. ಫ್ಯುಯೆಲ್ ಪಂಪ್, ಇಂಜೆಕ್ಟರ್, ಕಂಪ್ಯೂಟರ್ ಮುಟ್ಟದೆ ಸುಮ್ನೆ ಬೂಸ್ಟ್ ಏರಿಸಿದರೆ ಪಿಸ್ಟನ್ ತೂತು ಬೀಳುತ್ತದೆ.

ಕಾನೂನನ್ನೂ ನೋಡಿಕೊಳ್ಳಬೇಕು. ಕ್ಯಾಲಿಫೋರ್ನಿಯಾದಲ್ಲಿ ಹಾಕುವ ಎಂಜಿನ್ ಕಾರಿನಷ್ಟೇ ಅಥವಾ ಅದಕ್ಕಿಂತ ಹೊಸ ವರ್ಷದ್ದಾಗಿರಬೇಕು, ಅದರ ಹೊಗೆ ನಿಯಂತ್ರಣದ ಸಾಮಾನೆಲ್ಲ ಜೊತೆಗೇ ಬರಬೇಕು. ನಮ್ಮಲ್ಲಿ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇದೆ. ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಆರ್‌ಸಿ ಬೇರೆಯಾಗುವಂತೆ ಗಾಡಿಯನ್ನು ಬದಲಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಇಲ್ಲಿ ಯಾರಾದರೂ ಸ್ವಾಪ್ ಮಾಡಿಕೊಡುತ್ತೇವೆ ಅಂದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಕೇಳಿ.

ಕೊನೆಗೆ ಮೊದಲ ಸ್ಟಾರ್ಟ್. ಎಲ್ಲ ಜೋಡಿಸಿದ ಮೇಲೆ ಗೆಳೆಯ ಫ್ಯುಯೆಲ್ ಪಂಪಿನ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಂಡ. ಕೀ ತಿರುಗಿಸಿದ. ಪೆಟ್ರೋಲ್ ಇಲ್ಲದೆ ಎಂಜಿನ್ ಬರೀ ಸುತ್ತಿತು. ಆಯಿಲ್ ಮೊದಲು ಟರ್ಬೋದವರೆಗೆ ಹೋಗಿ ತಲುಪಲಿ ಅಂತ. ಸ್ವಲ್ಪ ಸುತ್ತಿಸಿ, ಸ್ವಲ್ಪ ಬಿಟ್ಟು, ಮತ್ತೆ ಸುತ್ತಿಸಿ. ಡ್ಯಾಶ್‌ಬೋರ್ಡಿನ ಕೆಂಪು ಆಯಿಲ್ ಲೈಟ್ ಆರಿತು. ಆಗ ಜೇಬಿನಿಂದ ಫ್ಯೂಸ್ ತೆಗೆದು ನನ್ನ ಕೈಗಿಟ್ಟ.