ಸಹ್ಯಾದ್ರಿಯ ಗೋಡೆ: ಕುಸಿತದ ಗುರುತೋ, ಸವೆತದ ಫಲವೋ?

ಮುಂಬಯಿಯಿಂದ ಪುಣೆಯ ಮಾರ್ಗವಾಗಿ ಹುಬ್ಬಳ್ಳಿಗೋ ಬೆಂಗಳೂರಿಗೋ ಹೊರಟ ಕನ್ನಡಿಗರು, ಕರ್ಜತ್ ನಿಲ್ದಾಣದಲ್ಲಿ ಗಾಡಿಯನ್ನು ಹಿಂದಿನಿಂದ ನೂಕಲು ಹೆಚ್ಚುವರಿ ಎಂಜಿನ್ ಜೋಡಿಸುವುದನ್ನು ಬಲ್ಲರು. ಕೊಂಕಣದ ತಗ್ಗಿನಿಂದ ಥಟ್ಟನೆ ಏಳುವ ಬೋರ್ ಘಾಟ್ ಅಷ್ಟು ಕಡಿದು.

ಕರಾವಳಿಗೆ ಹೆಚ್ಚುಕಡಿಮೆ ಸಮಾನಾಂತರವಾಗಿ ಸಾಗುವ ಸಹ್ಯಾದ್ರಿಯ ಈ ಗೋಡೆಯನ್ನು ಸ್ತರಭಂಗದ ಪ್ರಪಾತವೆಂದು, ಅಂದರೆ ನೆಲ ಸೀಳಿ ಪಶ್ಚಿಮದ ಭಾಗ ಕೆಳಕ್ಕೆ ಜಾರಿದ್ದರಿಂದ ಉಂಟಾದದ್ದೆಂದು, ಹಲವರು ಬಹುಕಾಲ ನಂಬಿದ್ದರು. ನೋಟಕ್ಕೆ ಅದು ಸಹಜವಾದ ಊಹೆಯೇ. ಆದರೆ ಕಲ್ಲಿನ ಪದರಗಳು ಬೇರೆಯದನ್ನೇ ಹೇಳುತ್ತವೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ಹರಿದು ಗಟ್ಟಿಯಾದ ಲಾವಾ ಪದರಗಳು ಘಟ್ಟದ ಮೇಲಿನ ಖಂಡಾಲಾದಲ್ಲಿ ಬಹುತೇಕ ಮಟ್ಟಸವಾಗಿವೆ. ಪನ್ವೇಲ್, ಕಲ್ಯಾಣ ದಾಟಿ ಮುಂಬಯಿಯತ್ತ ಬಂದಂತೆ ಅವು ಸಮುದ್ರದ ಕಡೆಗೆ ವಾಲುತ್ತವೆ. ಈ ವಾಲಿಕೆಯನ್ನು ಭೂವಿಜ್ಞಾನಿ ಬ್ಲಾನ್‌ಫರ್ಡ್ 1860ರ ದಶಕದಲ್ಲಿಯೇ ಗುರುತಿಸಿದ್ದರು. 1949ರಲ್ಲಿ ಮತ್ತೊಬ್ಬ ಭೂವಿಜ್ಞಾನಿ ಆಡೆನ್ ಅದನ್ನು ಮತ್ತೆ ವಿವರಿಸಿದರು. ಸುಮಾರು 150 ಕಿ.ಮೀ. ಉದ್ದದ ಈ ರಚನೆ ಇಂದು ಪನ್ವೇಲ್ ಬಾಗು ಎಂದು ಪ್ರಸಿದ್ಧ. ಈಗ ಹಿಂದೂ ಮಹಾಸಾಗರದ ದ್ವೀಪಗಳಾಗಿರುವ ಸೇಶೆಲ್ಸ್ ಭೂಭಾಗ ಭಾರತದಿಂದ ಕಳಚಿಕೊಂಡಾಗ ಅಂಚಿನ ನೆಲ ಬಗ್ಗಿದ್ದರ ಕುರುಹು ಇದೆಂಬ ವಿವರಣೆಗೆ, ಭೂಫಲಕಗಳ ಸಿದ್ಧಾಂತ ನೆಲೆಯೂರಿದ ಮೇಲೆ ಬಲ ಬಂದಿತು.

ಹಾಗಾದರೆ ಗೋಡೆ ಉಂಟಾದದ್ದು ಹೇಗೆ? ಇದಕ್ಕೆ ನನಗೆ ಅತ್ಯಂತ ಮನವರಿಕೆಯಾಗುವ ಸಾಕ್ಷಿ ಮಾಥೇರಾನ್. ಘಟ್ಟದಿಂದ ಬೇರ್ಪಟ್ಟು ಅದರ ಪಶ್ಚಿಮಕ್ಕೆ ಒಂಟಿಯಾಗಿ ನಿಂತ, ಸುಮಾರು 800 ಮೀಟರ್ ಎತ್ತರದ ಈ ಬೆಟ್ಟದ ಪದರಗಳೂ ಮಟ್ಟಸವಾಗಿಯೇ ಇವೆ. ಗೋಡೆಯ ಪಶ್ಚಿಮದ ನೆಲ ಸಾವಿರಾರು ಅಡಿ ಜಾರಿದ್ದರೆ ಮಾಥೇರಾನ್ ಕೂಡ ಅದರೊಂದಿಗೆ ಇಳಿದಿರಬೇಕಿತ್ತು. ಅದು ಇಳಿದಿಲ್ಲ. ಒಂದು ಕಾಲಕ್ಕೆ ಪ್ರಸ್ಥಭೂಮಿ ಅಲ್ಲಿಯವರೆಗೂ, ಅದರಾಚೆಗೂ ಚಾಚಿತ್ತು. ಮುಂಗಾರು ಮಳೆಯೂ ಪಶ್ಚಿಮಕ್ಕೆ ಇಳಿಯುವ ಹೊಳೆಗಳೂ ಅದರ ಅಂಚನ್ನು ಕೊರೆಯುತ್ತ ಪೂರ್ವಕ್ಕೆ ಸರಿಸಿದವು. ಸೀಳಿಕೆ ಕಡಲಿನ ಕಡೆ ಆಯಿತು, ಗೋಡೆ ಹಿಂದೆ ಸರಿಯುತ್ತ ಬಂದಿತು ಎಂಬುದೇ ಇಂದು ಹೆಚ್ಚಿನ ಮನ್ನಣೆ ಪಡೆದ ವಿವರಣೆ.

1967ರ ಡಿಸೆಂಬರ್‌ನಲ್ಲಿ ಮಹಾರಾಷ್ಟ್ರದ ಕೊಯ್ನಾ ಅಣೆಕಟ್ಟಿನ ಬಳಿ ಭೂಕಂಪವಾದಾಗ ಘಟ್ಟದ ಕೆಳಗಿನ ಸ್ತರಭಂಗಗಳತ್ತ ಗಮನ ಮತ್ತೆ ಹರಿಯಿತು. ಅಲ್ಲಿ ಸ್ತರಭಂಗಗಳಿರುವುದು ನಿಜ. ಆದರೆ ಕೊಯ್ನಾದ ಕಂಪನಗಳು ಹೆಚ್ಚಾಗಿ ಹುಟ್ಟುವುದು ಲಾವಾ ಹೊದಿಕೆಯ ಅಡಿಯ ಪುರಾತನ ಗ್ರಾನೈಟ್ ಬಗೆಯ ಬಂಡೆಯಲ್ಲಿ. ಅಣೆಕಟ್ಟಿನ ನೀರಿನ ಏರಿಳಿತಕ್ಕೂ ಅವಕ್ಕೂ ನಂಟಿದೆ. ಅದನ್ನೇ ತಿಳಿಯಲು ಕೊಯ್ನಾ ಪ್ರದೇಶದ ಗೋಠಣೆಯಲ್ಲಿ 3 ಕಿ.ಮೀ. ಆಳದ ಬಾವಿ ಕೊರೆದಾಗ, ಸುಮಾರು 1.2 ಕಿ.ಮೀ. ಲಾವಾ ದಾಟಿದ ಮೇಲಷ್ಟೇ ಆ ಬಂಡೆ ಸಿಕ್ಕಿತು.