ಪಂಜರದ ಗಿಳಿ ಯಾರ ಆಸ್ತಿ? ಸೆಕ್ಷನ್ 39 ಟಿಪ್ಪಣಿ

ಫಾರೆಸ್ಟ್ ಎಕ್ಸಾಮ್‌ಗೆ ಓದೋರು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅಂದ್ರೆ ಅನುಸೂಚಿ (ಯಾವ ಪ್ರಾಣಿಗೆ ಎಷ್ಟು ರಕ್ಷಣೆ ಅಂತ ಹೇಳೋ ಪಟ್ಟಿ) ಬಾಯಿಪಾಠ ಹೊಡ್ದು ಮುಂದೆ ಹೋಗ್ತಾರೆ. ಆದ್ರೆ ಮನೇಲಿ ಕಾಡುಪ್ರಾಣಿ ಸಾಕೋ ವಿಷ್ಯ ಬಂದ್ರೆ ಮೊದ್ಲು ಹಿಡಿಬೇಕಾಗಿರೋದು ಸೆಕ್ಷನ್ 39. ಕಾಯ್ದೆ ಮೀರಿ ಹಿಡ್ದಿರೋ ಅಥ್ವಾ ಸಾಕಿರೋ ಕಾಡುಪ್ರಾಣಿ ಸರ್ಕಾರದ ಆಸ್ತಿ, ಇಷ್ಟು ತಲೇಲಿ ಕೂತ್ರೆ ಉಳಿದಿದ್ದೆಲ್ಲಾ ಸಲೀಸು.

ದಾವಣಗೆರೆ ಹಳೇಪೇಟೆ ಕಡೆ ಅಂಗಡಿ ಮುಂದೆ ಪಂಜರ ತೂಗಾಕಿರ್ತಾರಲ್ಲ, ತಳದಲ್ಲಿ ಮಂಡಕ್ಕಿ, ಅರ್ಧ ಕಚ್ಚಿರೋ ಹಸಿಮೆಣಸಿನಕಾಯಿ, ಗಿಳಿ ರೆಕ್ಕೆ ಒಂದ್ಕಡೆ ಕತ್ತರಿಸಿರ್ತಾರೆ, ಅದು ನಮ್ಮ ನಾಡಿನ ಕೊರಳಪಟ್ಟಿ ಗಿಳಿ, ಈಗ ಅನುಸೂಚಿ 2ರಲ್ಲಿದೆ. "ದುಡ್ಡು ಕೊಟ್ಟು ತಂದಿದೀನಿ, ನಾನೇನು ಹಿಡಿದಿಲ್ಲ" ಅನ್ನೋ ಮಾತು ನಡೆಯಲ್ಲ. ಯಾಕಂದ್ರೆ ಪ್ರಾಣಿ ನಿಮ್ಮ ಹತ್ರ ಇದೆ ಅಂತ ಸಾಬೀತಾದ್ರೆ ಅದು ಅಕ್ರಮ ಅಂತಲೇ ಸೆಕ್ಷನ್ 57 ಊಹೆ ಮಾಡುತ್ತೆ, ಅಲ್ಲ ಅಂತ ತೋರಿಸೋ ಭಾರ ನಿಮ್ದು. ಇದನ್ನ ಅಂಡರ್‌ಲೈನ್ ಮಾಡ್ಕೊಳ್ಳಿ.

2022ರ ತಿದ್ದುಪಡಿ 1 ಏಪ್ರಿಲ್ 2023ರಿಂದ ಜಾರಿ, ಆರು ಅನುಸೂಚಿ ನಾಲ್ಕಾದ್ವು. ಹಳೇ ಗೈಡಲ್ಲಿ ನಕ್ಷತ್ರ ಆಮೆ 4ರಲ್ಲಿರುತ್ತೆ, ಈಗ ಅದು 1ರಲ್ಲಿ. ಅದೃಷ್ಟ ಬರುತ್ತೆ ಅಂತ ಅದನ್ನ ಮನೇಲಿ ಇಟ್ಕೊಂಡ್ರೆ 3ರಿಂದ 7 ವರ್ಷ ಜೈಲು, ಜೊತೆಗೆ ದಂಡ ಕನಿಷ್ಠ 25,000. ಗಿಳಿ ತರದ ಅನುಸೂಚಿ 2ರ ಪಕ್ಷಿಗೆ 3 ವರ್ಷದವರೆಗೆ ಜೈಲು ಇಲ್ಲಾ 1 ಲಕ್ಷದವರೆಗೆ ದಂಡ, ಎರಡೂ ಆಗ್ಬೋದು.

ಬಿಳಿ ಮೊಲ ಸಾಕ್ಬೋದು, ಜಗಳೂರು ಕಡೆ ಮೆಕ್ಕೆಜೋಳದ ಹೊಲದಲ್ಲಿ ಸಿಗೋ ಕಾಡುಮೊಲ ಸಾಕೋಂಗಿಲ್ಲ. ಕೌಜುಗನೂ ಅಷ್ಟೇ.

ವಿದೇಶಿ ಪ್ರಾಣಿಗಳ ಲೆಕ್ಕ ಬೇರೆ. ಸೈಟಿಸ್ (ವನ್ಯಜೀವಿ ವ್ಯಾಪಾರಕ್ಕೆ ಕಡಿವಾಣ ಹಾಕೋ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರೋ ಆಫ್ರಿಕನ್ ಗ್ರೇ ಗಿಳಿ, ಬಾಲ್ ಪೈಥಾನ್, ಇಗ್ವಾನಾ ಇವೆಲ್ಲ ಈಗಿನ ಅನುಸೂಚಿ 4, ಸೆಕ್ಷನ್ 49ಎಂ ಪ್ರಕಾರ ನೋಂದಣಿ ಆಗ್ಲೇಬೇಕು, 2024ರ ನಿಯಮದಲ್ಲಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ಅರ್ಜಿ. ಬಡ್ಜಿ, ಕಾಕಟೀಲ್ ಅನ್ನೋ ಸಣ್ಣ ವಿದೇಶಿ ಗಿಳಿಗಳು ಆ ಪಟ್ಟಿಯಲ್ಲಿಲ್ಲ. ನಮ್ಮೂರ ಗಿಳಿಗೆ ಕೇಸು, ಆಸ್ಟ್ರೇಲಿಯಾದ ಬಡ್ಜಿಗೆ ಇಲ್ಲ, ಯಾಕೆ ಅಂತ ಬಹಳ ಜನ ಕೇಳ್ತಾರೆ. ಬಡ್ಜಿಗಳು ತಲೆಮಾರುಗಳಿಂದ ಪಂಜರದಲ್ಲೇ ಮರಿ ಮಾಡ್ಕೊಂಡು ಬಂದಿರೋವು, ನಮ್ಮ ಗಿಳಿನ ಮರದ ಪೊಟರೆಯಿಂದ ಮರಿ ಇದ್ದಾಗ್ಲೇ ಕಿತ್ಕೊಂಡು ಬರ್ತಾರೆ, ದಾರೀಲೇ ಎಷ್ಟೋ ಸಾಯ್ತವೆ.

ಬಾವಿಯಿಂದ ಆಮೆ ಬಂತು, ಗಾಯ ಆದ ನವಿಲು ಸಿಕ್ತು ಅಂದ್ರೆ 48 ಗಂಟೆ ಒಳಗೆ ಹತ್ರದ ಪೊಲೀಸ್ ಸ್ಟೇಷನ್‌ಗೋ ಅರಣ್ಯಾಧಿಕಾರಿಗೋ ತಿಳಿಸ್ಬೇಕು, ಇದೂ ಸೆಕ್ಷನ್ 39ರಲ್ಲೇ ಇದೆ. ಸಾಕಿರೋ ಗಿಳಿನ ಹೆದ್ರಿ ಹಾರಿಸಿಬಿಡೋದು ಮಾತ್ರ ಬೇಡ, ರೆಕ್ಕೆ ಕತ್ತರಿಸಿದ್ದು ಅವತ್ತೇ ಬೆಕ್ಕಿನ ಬಾಯಿಗೆ ಬೀಳುತ್ತೆ, ಅರಣ್ಯ ಇಲಾಖೆಗೇ ಒಪ್ಪಿಸಿ.