ತೂಗುಯ್ಯಾಲೆಯ ಸರಪಳಿ ಹೊರುವ ಭಾರ

ಉಯ್ಯಾಲೆಯ ಸರಪಳಿ ತುಂಡಾಗುವುದಿದ್ದರೆ ಯಾವ ಕ್ಷಣದಲ್ಲಿ ತುಂಡಾದೀತು? ಹೆಚ್ಚಿನವರ ಬೆರಳು ಹೋಗುವುದು ಮೇಲಿನ ತುದಿಯ ಕಡೆಗೆ. ಅಲ್ಲಿ ಮಣೆ ವಾಲಿಕೊಂಡಿರುತ್ತದೆ, ಕೂತವರ ಎದೆಯೂ ಝಲ್ಲೆನ್ನುತ್ತದೆ. ಲೆಕ್ಕ ಹೇಳುವುದು ಮಾತ್ರ ಇದಕ್ಕೆ ತದ್ವಿರುದ್ಧ.

ಚಿಕ್ಕಮಗಳೂರು ಕಡೆಯ ಹಳೆಯ ತೊಟ್ಟಿಮನೆಗಳಲ್ಲಿ ತೊಲೆಗೆ ಕೊಂಡಿ ಹಾಕಿ ಇಳಿಬಿಟ್ಟ ತೂಗುಯ್ಯಾಲೆ ಭೌತವಿಜ್ಞಾನದ ಕಣ್ಣಿಗೆ ಒಂದು ಲೋಲಕ, ಅಂದರೆ ಮೇಲಿನಿಂದ ಇಳಿಬಿದ್ದು ಅತ್ತಿತ್ತ ತೂಗುವ ಭಾರ. ಗಾಳಿಯ ತಡೆ, ಕೊಂಡಿಯ ತಿಕ್ಕಾಟ ಇವೆರಡನ್ನು ಬದಿಗಿಟ್ಟರೆ ಅದರ ಮೇಲಿರುವ ಬಲಗಳು ಎರಡೇ. ಒಂದು, ಭೂಮಿಯ ಗುರುತ್ವ. ಇನ್ನೊಂದು, ಸರಪಳಿಯ ಬಿಗಿತ, ಅಂದರೆ ಅದು ಮಣೆಯನ್ನು ಎಳೆದು ಹಿಡಿಯುವ ಬಲ. ಚಲಿಸುವ ದಿಕ್ಕಿನಲ್ಲಿ ತಳ್ಳುವ ಮೂರನೆಯ ಬಲವೊಂದಿದೆ ಎಂದು ವಿದ್ಯಾರ್ಥಿಗಳು ಚಿತ್ರದಲ್ಲಿ ಬಾಣ ಎಳೆಯುವುದುಂಟು. ಅಂಥದ್ದು ಯಾವುದೂ ಇಲ್ಲ. ನೂಕಿದವರು ಕೈ ತೆಗೆದ ಮೇಲೆ ನೂಕುವ ಬಲವೂ ಮುಗಿಯಿತು. ಉಳಿಯುವುದು ವೇಗ, ಬಲವಲ್ಲ.

ಮಣೆ ತೂಗಾಟದ ಯಾವ ಹಂತದಲ್ಲಿದ್ದರೂ ಗುರುತ್ವ ಒಂದೇ ಸಮನೆ ಕೆಳಕ್ಕೆಳೆಯುತ್ತದೆ. ಬದಲಾಗುವುದು ಬಿಗಿತ. ಮಣೆಯೂ ಕೂತವರೂ ಸೇರಿ 60 ಕಿಲೋ ಎಂದಿಟ್ಟುಕೊಳ್ಳೋಣ. ಹಲಸಿನ ಮರಕ್ಕೆ ಕಟ್ಟಿದ ಜೋಕಾಲಿಯಲ್ಲಿ ಹುಡುಗರು ಜೀಕುವಂತೆ ನೆಟ್ಟಗಿನ ಗೆರೆಯಿಂದ 60 ಡಿಗ್ರಿಯವರೆಗೂ ಜೀಕಿದರೆ, ತುದಿಯಲ್ಲಿ ಅರೆಕ್ಷಣ ನಿಂತಾಗ ಹಗ್ಗದ ಮೇಲಿರುವುದು ಬರೀ 30 ಕಿಲೋ ತೂಕದಷ್ಟು ಎಳೆತ. ತೀರಾ ಕೆಳಗೆ ಬಂದಾಗ ಅದೇ ಹಗ್ಗ 120 ಕಿಲೋ ಹೊರುತ್ತದೆ. ಅಲ್ಲಿ ಹಗ್ಗಕ್ಕೆ ಎರಡು ಕೆಲಸ: ಭಾರವನ್ನು ತಡೆಯಬೇಕು, ನೇರವಾಗಿ ಓಡಿಹೋಗಲು ಹವಣಿಸುವ ದೇಹವನ್ನು ಬಾಗಿಸಿ ಕಮಾನಿನ ದಾರಿಗೂ ತರಬೇಕು. ಕೆಳಗಿಳಿಯುವಾಗ ಮಣೆ ನಮ್ಮನ್ನು ಒತ್ತಿ ಎತ್ತಿದಂತೆ ಅನ್ನಿಸುವುದು ಇದರಿಂದಲೇ. ಹಗ್ಗ ಅಡ್ಡಡ್ಡಲಾಗುವಷ್ಟು, ಅಂದರೆ 90 ಡಿಗ್ರಿಯಿಂದ ಬಿಟ್ಟರೆ, ಕೆಳಗಿನ ಎಳೆತ ತೂಕದ ಸರಿಯಾಗಿ ಮೂರು ಪಟ್ಟು. ಹಗ್ಗ ಎಷ್ಟು ಉದ್ದವಾಗಿದ್ದರೂ ಈ ಮೂರು ಬದಲಾಗುವುದಿಲ್ಲ. ಆದ್ದರಿಂದ ಹೊಸ ಹಗ್ಗಕ್ಕೆ ಒಮ್ಮೆ ಜೋತುಬಿದ್ದು ನೋಡಿ ‘ಗಟ್ಟಿ ಇದೆ’ ಎನ್ನುವ ಪರೀಕ್ಷೆ ಪರೀಕ್ಷೆಯೇ ಅಲ್ಲ. ಊಟ ಮುಗಿಸಿ ಎಲೆಯಡಿಕೆ ಮೆಲ್ಲುತ್ತಾ ಹತ್ತು ಡಿಗ್ರಿಯೊಳಗೆ ತೂಗಿಕೊಳ್ಳುವವರು ನಿಶ್ಚಿಂತರಾಗಿರಬಹುದು. ಅಲ್ಲಿ ಹೆಚ್ಚುವ ಎಳೆತ ಶೇಕಡಾ 3 ಮಾತ್ರ.

ಇನ್ನೊಂದು ವಿಚಿತ್ರ. ಮೇಲಿನ ತುದಿಯಲ್ಲಿ ವೇಗ ಸೊನ್ನೆ, ಆದರೆ ಹಿಂದಕ್ಕೆಳೆಯುವ ಬಲ ಅತ್ಯಧಿಕ. ನಡುವಿನಲ್ಲಿ ವೇಗ ಅತ್ಯಧಿಕ, ಆದರೆ ಹಿಂದಕ್ಕೂ ಮುಂದಕ್ಕೂ ಎಳೆಯುವ ಬಲ ಸೊನ್ನೆ. ಬಲ ಹೆಚ್ಚಿದ್ದಲ್ಲಿ ವೇಗವೂ ಹೆಚ್ಚಿರಬೇಕೆಂಬ ನಮ್ಮ ಊಹೆಗೆ ಇದಕ್ಕಿಂತ ಒಳ್ಳೆಯ ಪೆಟ್ಟು ನನಗೆ ಕಂಡಿಲ್ಲ.

ಅಜ್ಜ ಕೂತರೂ ಮೊಮ್ಮಗಳು ಕೂತರೂ ಒಂದು ಸಲ ಹೋಗಿ ಬರಲು ಹೆಚ್ಚುಕಡಿಮೆ ಅಷ್ಟೇ ಹೊತ್ತು: ಸರಪಳಿ ಎರಡೂಕಾಲು ಮೀಟರ್ ಇದ್ದರೆ ಸುಮಾರು ಮೂರು ಸೆಕೆಂಡು. ಭಾರ ಹೆಚ್ಚಿದಷ್ಟೂ ಗುರುತ್ವದ ಎಳೆತ ಹೆಚ್ಚುತ್ತದೆ, ಅಲುಗಾಡಿಸಲು ಬೇಕಾದ ಬಲವೂ ಅಷ್ಟೇ ಹೆಚ್ಚುತ್ತದೆ, ಎರಡೂ ಸರಿಹೋಗುತ್ತವೆ. ತೂಗಾಟದ ಅಗಲ ಕಿರಿದಾಗಿರಬೇಕು ಎಂಬ ಷರತ್ತು ಮಾತ್ರ ಇದೆ. 60 ಡಿಗ್ರಿಗೆ ಹೋದರೆ ಸಮಯ ಶೇಕಡಾ 7ರಷ್ಟು ಹಿಗ್ಗುತ್ತದೆ. 1656ರಲ್ಲಿ ಲೋಲಕದ ಗಡಿಯಾರ ರೂಪಿಸಿದ ಹಾಲೆಂಡಿನ ಹೈಗೆನ್ಸ್‌ಗೆ ಈ ತೊಡಕು ಚೆನ್ನಾಗಿ ಗೊತ್ತಿತ್ತು.

ಭಾರ ಲೆಕ್ಕಕ್ಕೆ ಬಾರದಿದ್ದರೆ ಉಳಿಯುವುದು ಉದ್ದ ಮತ್ತು ಗುರುತ್ವ. ಗುರುತ್ವವೋ, ಊರಿಂದೂರಿಗೆ ಬೇರೆ. ಅದು ಕಡಿಮೆಯಾದಲ್ಲಿ ತೂಗಾಟವೂ ನಿಧಾನ. 1672ರಲ್ಲಿ ಝಾನ್ ರಿಷೆ ಎಂಬ ಫ್ರೆಂಚ್ ಖಗೋಳಜ್ಞ ದಕ್ಷಿಣ ಅಮೆರಿಕದಲ್ಲಿ ಸಮಭಾಜಕದ ಹತ್ತಿರವಿರುವ ಕಯೆನ್‌ಗೆ ಹೋದಾಗ, ಪ್ಯಾರಿಸ್‌ನಲ್ಲಿ ಸರಿಯಿದ್ದ ಲೋಲಕದ ಗಡಿಯಾರ ದಿನಕ್ಕೆ ಎರಡೂವರೆ ನಿಮಿಷದಷ್ಟು ಹಿಂದೆ ಬೀಳತೊಡಗಿತು. ಭೂಮಿ ಸಮಭಾಜಕದ ಬಳಿ ಉಬ್ಬಿದೆ ಎಂಬ ವಾದಕ್ಕೆ ನ್ಯೂಟನ್ ಇದನ್ನು ಬಳಸಿಕೊಂಡರು. ಅದೇ ಗಡಿಯಾರವನ್ನು ಚಿಕ್ಕಮಗಳೂರಿಗೆ ತಂದಿದ್ದರೆ ದಿನಕ್ಕೆ ಸುಮಾರು ಎರಡು ನಿಮಿಷ ಹಿಂದೆ ಬೀಳುತ್ತಿತ್ತು.

ಎತ್ತರದ ಪ್ರಭಾವ ಇದಕ್ಕಿಂತ ಚಿಕ್ಕದು. ಮಂಗಳೂರಿನ ಕಡಲತೀರದಲ್ಲಿ ಹೊಂದಿಸಿದ ಗಡಿಯಾರವನ್ನು ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯ ನೆತ್ತಿಗೆ ಒಯ್ದರೆ ದಿನಕ್ಕೆ 20 ಸೆಕೆಂಡಿನ ಆಸುಪಾಸಿನಲ್ಲಿ ನಿಧಾನವಾಗುತ್ತದೆ. ಬೆಟ್ಟದ ಬಂಡೆಯೂ ಕೆಳಗಿನಿಂದ ತನ್ನ ಪಾಲಿನ ಎಳೆತ ಸೇರಿಸುವುದರಿಂದ ನಷ್ಟ ಅಷ್ಟಕ್ಕೇ ನಿಲ್ಲುತ್ತದೆ. ಒಂದು ಮೀಟರ್ ಉದ್ದದ ಲೋಲಕವಾದರೆ ಗುಂಡಿನ ಕೆಳಗಿನ ತಿರುಪನ್ನು ತಿರುಗಿಸಿ ಅರ್ಧ ಮಿಲಿಮೀಟರಿಗೂ ಕಡಿಮೆ ಮೇಲೆತ್ತಿದರೆ ಸಾಕು, ಗಡಿಯಾರ ಮತ್ತೆ ಸರಿಯಾಗುತ್ತದೆ.